ಬೈಕಿಗೆ ವಾಲ್ವ್ ಕ್ಯಾಪ್ ಸೆನ್ಸರ್ ಕಿಟ್: ಕಾವಲಿಗೆ ಒಳ್ಳೆಯದು, ಗಾಳಿ ತುಂಬುವಾಗ ಗೇಜೇ ಬೇಕು

33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದ ಟೈರ್ 26ಕ್ಕೆ ಇಳಿದಿದ್ದರೂ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದರೂ ತಿಳಿಯುವುದಿಲ್ಲ. ತಿರುವಿನಲ್ಲಿ ಮಾತ್ರ ಗೊತ್ತಾಗುತ್ತದೆ: ಹ್ಯಾಂಡಲ್ ಭಾರವಾಗುತ್ತದೆ, ಬೈಕ್ ವಾಲಲು ತಡಮಾಡುತ್ತದೆ, ವಾಲಿದ ಮೇಲೆ ಟೈರಿನ ಪಕ್ಕದ ಗೋಡೆ ಮಡಚಿ ಬಿಚ್ಚಿ ಹಿಂಬದಿ ತೂಗಾಡಿದಂತಾಗುತ್ತದೆ. ಕಾರಿಗಾದರೆ ಉಳಿದ ಮೂರು ಚಕ್ರಗಳ ಆಸರೆ ಇದೆ. ಬೈಕಿಗೆ ಅದಿಲ್ಲ. ವಾಲ್ವಿನ ಕ್ಯಾಪ್ ತೆಗೆದು ಅದೇ ಜಾಗಕ್ಕೆ ತಿರುಗಿಸಿ ಕೂರಿಸುವ, ಗಾಳಿಯ ಒತ್ತಡ ಅಳೆಯುವ ಎರಡು ಸೆನ್ಸರ್, ಹ್ಯಾಂಡಲ್ ಮೇಲೆ ಒಂದು ಸಣ್ಣ ಡಿಸ್‌ಪ್ಲೇ ಇರುವ ಕಿಟ್‌ಗಳನ್ನು ಈ ದೃಷ್ಟಿಯಿಂದಲೇ ನೋಡಬೇಕು.

ಮೊದಲೇ ಹೇಳಿಬಿಡಬಹುದು: ಮೊಳೆ ಚುಚ್ಚಿ ಗಾಳಿ ಸೋರುವುದನ್ನು ಓಡಾಟದಲ್ಲೇ ಹಿಡಿದುಕೊಡುವ ಕೆಲಸಕ್ಕೆ ಈ ಕಿಟ್ ಕೊಳ್ಳಲು ಯೋಗ್ಯ. ಅದರ ಅಂಕಿ ನೋಡಿಕೊಂಡು ಗಾಳಿ ತುಂಬಲು ಹೊರಟರೆ ಮಾತ್ರ ಲೆಕ್ಕ ತಪ್ಪುತ್ತದೆ.

ಲೆಕ್ಕ ತಪ್ಪುವುದಕ್ಕೆ ಕಾರಣ ಟೈರಿನೊಳಗಿನ ಗಾಳಿಯೇ. ತಯಾರಕರು ಹೇಳುವ ಒತ್ತಡ ತಣ್ಣನೆಯ ಟೈರಿನದು, ಅಂದರೆ ಬೈಕ್ ಕನಿಷ್ಠ 3 ಗಂಟೆ ನಿಂತಿರಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 33 ಪಿಎಸ್‌ಐ ತುಂಬಿದ ಟೈರಿನ ಗಾಳಿ ಓಡಿ ಓಡಿ 45 ಡಿಗ್ರಿಗೆ ಕಾದರೆ ಸೆನ್ಸರ್ 37 ತೋರಿಸುತ್ತದೆ. ಅಂದಾಜಿಗೆ, ಪ್ರತಿ 10 ಡಿಗ್ರಿಗೆ 1.6 ಪಿಎಸ್‌ಐ ಏರಿಳಿತ. 37 ಕಂಡು ಗಾಬರಿಯಾಗಿ ದಾರಿ ಮಧ್ಯೆ ಗಾಳಿ ಬಿಟ್ಟರೆ, ಮರುದಿನ ಬೆಳಿಗ್ಗೆ ಟೈರ್ 29ರ ಆಸುಪಾಸಿನಲ್ಲಿ ಇರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಲೇಬಾರದು. ಕೆಲವು ಬೈಕುಗಳಲ್ಲಿ ಕಂಪನಿಯೇ ಅಳವಡಿಸುವ ವ್ಯವಸ್ಥೆ ಇದನ್ನು ಬೇರೆ ರೀತಿ ಬಗೆಹರಿಸಿದೆ. ಬಿಎಂಡಬ್ಲ್ಯುನ ಆರ್‌ಡಿಸಿ ಎಂಬ ವ್ಯವಸ್ಥೆ ಟೈರಿನ ಒಳಗಿನ ಗಾಳಿಯ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಗಾಳಿ 20 ಡಿಗ್ರಿಯಲ್ಲಿದ್ದಿದ್ದರೆ ಎಷ್ಟಿರುತ್ತಿತ್ತೋ ಆ ಅಂಕಿಯನ್ನೇ ತೋರಿಸುತ್ತದೆ. ಹಾಗಾಗಿ ಬಿಸಿ ಟೈರಿಗೆ ಗೇಜ್ ಇಟ್ಟು ನೋಡಿದರೆ ಎರಡೂ ತಾಳೆಯಾಗುವುದಿಲ್ಲ, ಅದು ದೋಷವೇನಲ್ಲ. ಕ್ಯಾಪ್ ಸೆನ್ಸರ್‌ಗಳಿಗೆ ಈ ಜಾಣತನ ಸಾಮಾನ್ಯವಾಗಿ ಇರುವುದಿಲ್ಲ. ಅವು ತೋರಿಸುವ ಡಿಗ್ರಿಯನ್ನು ನಂಬಿ ಲೆಕ್ಕ ಹಾಕುವಂತೆಯೂ ಇಲ್ಲ. ಸೆನ್ಸರ್ ಚಕ್ರದ ಹೊರಗೆ, ಗಾಳಿಗೆ ಒಡ್ಡಿಕೊಂಡು ಕೂತಿರುತ್ತದೆ. ಟೈರಿನೊಳಗಿನ ಬಿಸಿ ಅದಕ್ಕೆ ಪೂರ್ತಿ ತಲುಪುವುದೇ ಇಲ್ಲ.

ಎತ್ತರದ ಜಾಗಕ್ಕೆ ಹೋದಾಗ ಇನ್ನೊಂದು ಗೊಂದಲ. ಕೆಲವು ಸೆನ್ಸರ್‌ಗಳು ಹೊರಗಿನ ಗಾಳಿಯ ಒತ್ತಡವೂ ಸೇರಿದ ಒಟ್ಟು ಒತ್ತಡ ಅಳೆದು, ಅದರಿಂದ ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಗಿರುವ 14.7 ಪಿಎಸ್‌ಐ ಕಳೆದು ಉಳಿದದ್ದನ್ನು ತೋರಿಸುತ್ತವೆ. 1500 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 12.3 ಪಿಎಸ್‌ಐಗೆ ಇಳಿದಿರುತ್ತದೆ. ಅಲ್ಲಿ ಇಂಥ ಸೆನ್ಸರ್ ಕೈಗೇಜಿಗಿಂತ ಸುಮಾರು 2.4 ಕಡಿಮೆ ತೋರಿಸುತ್ತದೆ. ಎತ್ತರದಲ್ಲಿ ಎರಡಕ್ಕೂ ಈ ಅಂತರ ಬಂದರೆ ಗೇಜನ್ನೇ ನಂಬಬೇಕು.

ಇನ್ನು ವಾಲ್ವಿನ ವಿಚಾರ. ಈ ಕಿಟ್ಟಿನಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲೇ. ಮಾಮೂಲಿ ಕ್ಯಾಪ್ ಹಾಕಿದಾಗ ವಾಲ್ವ್ ಪಿನ್ (ಒತ್ತಿದರೆ ಗಾಳಿಗೆ ದಾರಿ ಬಿಡುವ ಒಳಗಿನ ಕಡ್ಡಿ) ಮುಚ್ಚಿರುತ್ತದೆ, ಕ್ಯಾಪ್ ಕೇವಲ ದೂಳು ತಡೆಯುತ್ತದೆ. ಸೆನ್ಸರ್ ಕೂರಿಸಿದಾಗ ಅದು ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ. ಅಲ್ಲಿಂದಾಚೆಗೆ ಗಾಳಿ ನಿಂತಿರುವುದು ಸೆನ್ಸರ್ ಒಳಗಿನ ಸಣ್ಣ ರಬ್ಬರ್ ವಾಷರ್ ಮೇಲೆ. ಆ ವಾಷರ್ ಹರಿದರೆ, ಸೆನ್ಸರಿನ ಮೈ ಬಿರುಕು ಬಿಟ್ಟರೆ, ಕಾಯಬೇಕಾದ ಸಾಧನವೇ ಗಾಳಿ ಸೋರಿಸುತ್ತದೆ.

ಜೊತೆಗೆ ತೂಕ. ಸೆನ್ಸರ್ 10 ಗ್ರಾಂ ಎಂದಿಟ್ಟುಕೊಳ್ಳಿ. 17 ಇಂಚಿನ ಚಕ್ರದಲ್ಲಿ ಅದು ಆಕ್ಸಲ್‌ನಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ಅದನ್ನು ಹೊರಕ್ಕೆಸೆಯುವ ಬಲ ಗುರುತ್ವದ 175 ಪಟ್ಟು, ಅಂದರೆ ವಾಲ್ವಿನ ತುದಿಯಲ್ಲಿ ಸುಮಾರು ಒಂದೂಮುಕ್ಕಾಲು ಕಿಲೋ ಭಾರ. ಲೋಹದ ವಾಲ್ವ್ ಇದನ್ನು ತಡೆಯುತ್ತದೆ. ರಬ್ಬರ್ ವಾಲ್ವ್ ಬಾಗುತ್ತದೆ, ಬಾಗಿ ಬಾಗಿ ರಿಮ್ಮಿನ ತೂತಿನ ಅಂಚಿಗೆ ಉಜ್ಜಿ ಬುಡದಲ್ಲಿ ಸೀಳುತ್ತದೆ. ಬುಡ ಸೀಳಿದರೆ ಗಾಳಿ ನಿಧಾನಕ್ಕೆ ಇಳಿಯುವುದಿಲ್ಲ, ಒಮ್ಮೆಲೇ ಹೋಗುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಓಡಿಸುವವರು ರಬ್ಬರ್ ವಾಲ್ವ್ ಮೇಲೆ ಈ ಸೆನ್ಸರ್ ಹಾಕಬಾರದು. ಟೈರ್ ಬದಲಿಸುವಾಗಲೇ ಲೋಹದ ವಾಲ್ವ್ ಹಾಕಿಸಿ. ಅದಕ್ಕೆ ಮೊದಲು ರಿಮ್ಮಿನ ತೂತು ಅಳೆಯಬೇಕು: ಬೈಕುಗಳಲ್ಲಿ ಹೆಚ್ಚಾಗಿ 11.3 ಮಿಲಿಮೀಟರ್ ಇಲ್ಲವೇ 8.3 ಮಿಲಿಮೀಟರ್. ಒಂದರ ವಾಲ್ವ್ ಇನ್ನೊಂದಕ್ಕೆ ಕೂರುವುದಿಲ್ಲ.

ಕೂರಿಸುವ ಕ್ರಮವನ್ನು ಅವಸರದಲ್ಲಿ ಮಾಡಬೇಡಿ. ತಣ್ಣಗಿರುವಾಗ ಗೇಜ್ ನೋಡಿ ಸರಿಯಾದ ಗಾಳಿ ತುಂಬಿ. ವಾಲ್ವಿನ ಮರೆಗೆ (ತಿರುಪಿನ ಗೆರೆಗಳಿಗೆ) ಮೊದಲು ಲಾಕ್‌ನಟ್ ಹತ್ತಿಸಿ, ಆಮೇಲೆ ಸೆನ್ಸರನ್ನು ಕೈಯಲ್ಲೇ ಬಿಗಿ ಮಾಡಿ, ಕೊನೆಗೆ ಸೆನ್ಸರನ್ನು ಹಿಡಿದುಕೊಂಡು ಕಿಟ್ಟಿನ ತೆಳು ಸ್ಪ್ಯಾನರ್‌ನಿಂದ ನಟ್ಟನ್ನು ಅದರ ಬುಡಕ್ಕೆ ಒತ್ತಿ. ಇಕ್ಕಳ ಹಾಕಿ ತಿರುಗಿಸಿದರೆ ವಾಷರ್ ಕತ್ತರಿಸುತ್ತದೆ. ವಾಲ್ವ್ ಗಿಡ್ಡವಾಗಿದ್ದರೆ ಲಾಕ್‌ನಟ್ಟೇ ಅರ್ಧ ಮರೆ ತಿಂದುಬಿಡುತ್ತದೆ. ಆಗ ಸೆನ್ಸರ್ ಪಿನ್ನನ್ನು ತಲುಪದೆ ಸೊನ್ನೆ ತೋರಿಸುತ್ತದೆ ಅಥವಾ ಅಂಕಿ ಕುಣಿಯುತ್ತದೆ. ಅಂಥ ಕಡೆ ಲಾಕ್‌ನಟ್ ಬಿಟ್ಟುಬಿಡುವುದೇ ಲೇಸು. ಕೂರಿಸಿದ ಮೇಲೆ ಜೋಡಣೆಗೆ ಸೋಪಿನ ನೀರು ಹಚ್ಚಿ ಒಂದು ನಿಮಿಷ ನೋಡಿ, ಒಂದು ಗುಳ್ಳೆ ಬಂದರೂ ಬಿಚ್ಚಿ ಮತ್ತೆ ಹಾಕಿ. ಬಳಿಕ ಚಕ್ರವನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ. ಅಡ್ಡಕ್ಕೆ ಬಾಗಿದ 90 ಡಿಗ್ರಿ ವಾಲ್ವ್ ಇದ್ದರೆ ಸೆನ್ಸರಿನ ಮೂತಿ ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಭಾಗಕ್ಕೆ) ತಾಗುವ ಸಾಧ್ಯತೆ ಇದೆ. ತೂಕ ಸರಿದೂಗಿಸಲು ವಾಲ್ವಿನ ನೇರ ಎದುರಿಗೆ ರಿಮ್ಮಿನ ಒಳಮೈಗೆ 5 ಗ್ರಾಮಿನ ಎರಡು ಅಂಟು ತೂಕ ಸಾಕು. ಸೆನ್ಸರ್ ಹಾಕಿಕೊಂಡೇ ಬ್ಯಾಲೆನ್ಸ್ ಮಾಡಿಸಿದರೆ ಇನ್ನೂ ನಿಖರ.

ಅಲ್ಯೂಮಿನಿಯಂ ವಾಲ್ವಿಗೆ ಹಿತ್ತಾಳೆ ಮರೆಯ ಸೆನ್ಸರ್ ಹಾಕಿ ವರ್ಷಗಟ್ಟಲೆ ಬಿಟ್ಟರೆ, ಮಳೆ ನೀರಿನ ಜೊತೆ ಎರಡು ಲೋಹಗಳು ಸೇರಿ ತುಕ್ಕು ಕಚ್ಚಿಕೊಳ್ಳುತ್ತವೆ. ಆಮೇಲೆ ಸೆನ್ಸರ್ ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ. ತಿಂಗಳಿಗೊಮ್ಮೆ ಗೇಜ್ ಹಿಡಿಯಲು ಹೇಗೂ ಬಿಚ್ಚಬೇಕಲ್ಲ, ಆಗ ಮರೆಯನ್ನು ಒರೆಸಿ ಹಾಕಿದರೆ ಈ ತೊಂದರೆ ಬರುವುದಿಲ್ಲ.

ಎಚ್ಚರಿಕೆಯ ಮಿತಿಯನ್ನು ಕಿಟ್ ಬಂದ ಹಾಗೇ ಬಿಡಬಾರದು. ಹಲವು ಕಿಟ್‌ಗಳಲ್ಲಿ ಎರಡೂ ಚಕ್ರಕ್ಕೆ ಒಂದೇ ಮಿತಿ ಇರುತ್ತದೆ, ಅದೂ ಕಾರಿಗೆ ಹೊಂದುವಂಥದ್ದು. ಅಮೆರಿಕದ ಕಾರುಗಳ ನಿಯಮದಲ್ಲಿ ಒತ್ತಡ 25 ಶೇಕಡಾ ಕುಸಿದಾಗ ದೀಪ ಹೊತ್ತಿದರೆ ಸಾಕು. 33ರ ಬೈಕ್ ಟೈರಿಗೆ ಅದು 25ರ ಹತ್ತಿರ, ಅಷ್ಟು ಹೊತ್ತಿಗೆ ತಿರುವಿನಲ್ಲಿ ಹಿಡಿತವೇ ಕೆಟ್ಟಿರುತ್ತದೆ. ತಣ್ಣನೆಯ ಒತ್ತಡಕ್ಕಿಂತ 12 ಶೇಕಡಾ ಕೆಳಗೆ ಕೆಳಮಿತಿ, 25 ಶೇಕಡಾ ಮೇಲೆ ಮೇಲ್ಮಿತಿ ಇಡಿ. ಮುಂದಿನ ಚಕ್ರ 33 ಆದರೆ 29 ಮತ್ತು 41, ಹಿಂದಿನದು 36 ಆದರೆ 32 ಮತ್ತು 45. ಕೆಳಮಿತಿಯನ್ನು 31ಕ್ಕೇ ಏಕೆ ಇಡಬಾರದು ಎಂದರೆ, 30 ಡಿಗ್ರಿಯ ಮಧ್ಯಾಹ್ನ ತುಂಬಿದ 33 ಪಿಎಸ್‌ಐ, 12 ಡಿಗ್ರಿಯ ಮುಂಜಾನೆಗೆ ತಾನಾಗಿಯೇ 30ಕ್ಕೆ ಇಳಿದಿರುತ್ತದೆ. ದಿನಾ ಬೆಳಿಗ್ಗೆ ಸುಮ್ಮನೆ ಕೂಗುವ ಅಲಾರಂ ನಿಜವಾಗಿ ಕೂಗಿದ ದಿನ ಯಾರೂ ಗಮನಿಸುವುದಿಲ್ಲ. ಹಿಂಬದಿ ಸವಾರರನ್ನು, ಸಾಮಾನನ್ನು ಹೇರಿಕೊಂಡು ಹೋಗುವ ದಿನ ಕೈಪಿಡಿಯ ಪ್ರಕಾರ ಹಿಂದಿನ ಟೈರಿನ ಗಾಳಿ ಏರಿಸಿದರೆ, ಮಿತಿಗಳನ್ನೂ ಏರಿಸಬೇಕು.

ಡಿಸ್‌ಪ್ಲೇ ಆರಿಸುವಾಗ ನೋಡಬೇಕಾದದ್ದು ಬಣ್ಣದ ಪರದೆಯ ಅಂದವನ್ನಲ್ಲ. ಹೆಲ್ಮೆಟ್ ಒಳಗೆ ಬೀಪ್ ಸದ್ದು ಕೇಳಿಸುವುದಿಲ್ಲ, ಆದ್ದರಿಂದ ಜೋರಾಗಿ ಮಿಟುಕುವ ಕೆಂಪು ದೀಪ ಬೇಕೇ ಬೇಕು. ಚಕ್ರ ನಿಂತಾಗ ಬ್ಯಾಟರಿ ಉಳಿಸಲು ಸೆನ್ಸರ್ ನಿದ್ದೆ ಹೋಗುತ್ತದೆ. ಆಗ ಕೆಲವು ಡಿಸ್‌ಪ್ಲೇಗಳು ಹಿಂದಿನ ದಿನದ ಅಂಕಿಯನ್ನೇ ಹೊಸದೆಂಬಂತೆ ತೋರಿಸುತ್ತಾ ಕೂರುತ್ತವೆ. ರಾತ್ರಿ ಪೂರ್ತಿ ಗಾಳಿ ಇಳಿದಿದ್ದರೂ ಹೊರಡುವಾಗ 33 ಕಾಣುತ್ತದೆ! ಹೊಸ ಸಂಕೇತ ಬರುವವರೆಗೆ ಖಾಲಿ ಗೆರೆ ತೋರಿಸುವ ಡಿಸ್‌ಪ್ಲೇ ಇರುವ ಕಿಟ್ಟನ್ನೇ ಕೊಳ್ಳಿ. ಮೊಬೈಲ್ ಆ್ಯಪ್ ಮಾತ್ರ ಇರುವ ಕಿಟ್ ಬೇಡ. ಬ್ಯಾಟರಿ ಉಳಿತಾಯದ ಹೆಸರಲ್ಲಿ ಫೋನ್ ಆ ಆ್ಯಪ್ಪನ್ನು ಹಿನ್ನೆಲೆಯಲ್ಲಿ ಮುಚ್ಚಿಬಿಟ್ಟರೆ ಅಲಾರಂ ಬರುವುದೇ ಇಲ್ಲ. ಡಿಸ್‌ಪ್ಲೇಗೆ ಬೈಕಿನಿಂದ ಕರೆಂಟ್ ಕೊಡುವುದಾದರೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತಂತಿಯಿಂದ ಕೊಡಿ.

ಟೈರಿನೊಳಗೆ, ರಿಮ್ಮಿನ ಮೇಲೆ ಕೂರುವ ಸೆನ್ಸರ್‌ಗಳು ಕಳವಾಗುವುದಿಲ್ಲ, ವಾಲ್ವ್ ಪಿನ್ನನ್ನು ಒತ್ತಿ ಹಿಡಿಯುವುದೂ ಇಲ್ಲ. ಆದರೆ ಬ್ಯಾಟರಿ ಮುಗಿದರೆ ಟೈರನ್ನೇ ಬಿಚ್ಚಬೇಕು; ಟೈರ್ ಬಿಚ್ಚುವವರಿಗೆ ಸೆನ್ಸರ್ ಇದೆಯೆಂದು ಹೇಳದಿದ್ದರೆ ಟೈರ್ ಎಬ್ಬಿಸುವ ಲಿವರ್ ತಾಗಿ ಅದು ಒಡೆಯುತ್ತದೆ. ಟ್ಯೂಬ್ ಇರುವ ಚಕ್ರಕ್ಕಂತೂ ಕ್ಯಾಪ್ ಸೆನ್ಸರೇ ಗತಿ. ತೂತು ತಾನಾಗಿ ಮುಚ್ಚಲೆಂದು ಟೈರಿನೊಳಗೆ ಪಂಕ್ಚರ್ ದ್ರವ ಹಾಕುವವರಿಗೆ ಎರಡೂ ಹೇಳಿ ಮಾಡಿಸಿದ್ದಲ್ಲ. ದ್ರವ ಸೆನ್ಸರಿನ ಸಣ್ಣ ರಂಧ್ರಕ್ಕೆ ನುಗ್ಗಿ ಗಟ್ಟಿಯಾದರೆ ಅಂಕಿ ಅಲ್ಲೇ ನಿಂತುಬಿಡುತ್ತದೆ.

ಕಿಟ್ಟಿನ ಜೊತೆ ಒಂದು ಕೈಗೇಜ್ ಇಟ್ಟುಕೊಳ್ಳಲೇಬೇಕು. ನಿಖರತೆಯನ್ನು ಹೆಚ್ಚಾಗಿ ಪೂರ್ತಿ ಅಳತೆಯ ಶೇಕಡಾವಾರಿನಲ್ಲಿ ಹೇಳಿರುತ್ತಾರೆ. 2 ಶೇಕಡಾ ಎಂದರೆ 60 ಪಿಎಸ್‌ಐ ಗೇಜಿನಲ್ಲಿ 1.2, 160 ಪಿಎಸ್‌ಐ ಗೇಜಿನಲ್ಲಿ 3.2 ವ್ಯತ್ಯಾಸ. ಬೈಕಿಗೆ 60ರದ್ದೇ ಸರಿ. ಬ್ರೇಕ್ ಡಿಸ್ಕಿನ ಸಂದಿಗೆ ಹೋಗುವಂತೆ ಅದರ ಮೂತಿ ಬಾಗಿರಲಿ.

ಕ್ಯಾಪ್ ಸೆನ್ಸರಿನ ಬ್ಯಾಟರಿ ಸಿಆರ್1632ರಂಥ ನಾಣ್ಯದಾಕಾರದ್ದು. ಬದಲಿಸುವಾಗ ಮುಚ್ಚಳದ ರಬ್ಬರ್ ಉಂಗುರಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ, ಇಲ್ಲವಾದರೆ ಬೈಕ್ ತೊಳೆದಾಗ ನೀರು ಒಳಗೆ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ ಮತ್ತೆ ಕೂರಿಸುವಾಗ ಮುಂದಿನದು ಹಿಂದಕ್ಕೆ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಿ: ಒಂದು ಚಕ್ರದ ಸೆನ್ಸರನ್ನು ಅರ್ಧ ಸುತ್ತು ಸಡಿಲಿಸಿ ಸ್ವಲ್ಪ ಗಾಳಿ ಬಿಟ್ಟು, ಪರದೆಯಲ್ಲಿ ಅದೇ ಚಕ್ರದ ಅಂಕಿ ಇಳಿಯುತ್ತದೆಯೇ ನೋಡಿ. ಆಮೇಲೆ ಸೋಪಿನ ನೀರಿನ ಪರೀಕ್ಷೆ ಮತ್ತೊಮ್ಮೆ.