ಹಣ್ಣು-ಮರದ ಪರಿಮಳ: ಇಡಿಟಿಯೋ, ಇಡಿಪಿಯೋ, ಎಣ್ಣೆಯೋ?

ಸುಗಂಧದ ಪ್ರಮಾಣ ಇಡಿಟಿಯಲ್ಲಿ (ಓ ದ ಟ್ವಾಲೆಟ್, ಹಗುರ ಸೆಂಟ್) ಸುಮಾರು ಶೇ. 5ರಿಂದ 15, ಇಡಿಪಿಯಲ್ಲಿ (ಓ ದ ಪರ್ಫ್ಯೂಮ್, ಗಾಢ ಸೆಂಟ್) ಶೇ. 15ರಿಂದ 20. ಇಡಿಟಿ ಹಚ್ಚಿದ ಕೂಡಲೇ ಸೇಬು, ಪೀಚ್ ಹಣ್ಣಿನ ಪರಿಮಳ ಚಿಮ್ಮುತ್ತದೆ. ಹಗುರ ಅಣುಗಳು ಬೇಗ ಆವಿಯಾಗುವುದರಿಂದ ಅರ್ಧ ಗಂಟೆಯೊಳಗೆ ಹಣ್ಣಿನ ಹೊಳಪು ಇಳಿದು, ಪೆನ್ಸಿಲ್ ಹೆರೆದಾಗ ಬರುವಂಥ ಒಣ ಸೀಡರ್ ಮರದ ವಾಸನೆ ಉಳಿಯುತ್ತದೆ. ಆ ಮೊದಲ ತಾಜಾತನವೇ ಮುಖ್ಯ ಎನ್ನುವವರಿಗೆ ಇದೇ ಸರಿ, ಮಧ್ಯಾಹ್ನ ಮತ್ತೆ ಹಚ್ಚಬೇಕಷ್ಟೆ.

ಇಡಿಪಿಯಲ್ಲಿ ಹಣ್ಣು ಜಾಮಿನಂತೆ ದಟ್ಟ, ಅದರಡಿಯಿಂದ ಶ್ರೀಗಂಧ ಮೆಲ್ಲಗೆ ಏಳುತ್ತದೆ. ದಿನವಿಡೀ ಹೊರಗಿರುವವರಿಗೆ ಅನುಕೂಲ. ಆದರೆ ಸೆಕೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಎರಡು ಸಲಕ್ಕಿಂತ ಹೆಚ್ಚು ಸಿಂಪಡಿಸಿದರೆ ಆ ಸಿಹಿ ಉಸಿರುಗಟ್ಟಿಸುತ್ತದೆ.

ಸುಗಂಧದ ಎಣ್ಣೆ ಹಚ್ಚಿದ್ದು ಹತ್ತಿರ ಬಂದವರಿಗಷ್ಟೇ ತಿಳಿಯುತ್ತದೆ. ಒಣ ಚರ್ಮದ ಮೇಲೂ ನಿಲ್ಲುತ್ತದೆ, ಬಟ್ಟೆಗೆ ಕಲೆಯಾಗುತ್ತದೆ.

ಕಾಗದದ ಪಟ್ಟಿ ಮೂಸಿ ಕೊಳ್ಳಬೇಡಿ. ಮಣಿಕಟ್ಟಿಗೆ ಹಚ್ಚಿ, 4 ಗಂಟೆ ಬಿಟ್ಟು ಮೂಸಿ.