ಮರಿಗೆ ಮಲಬದ್ಧತೆ ಎಂದು ಅಂಗಡಿಯವರ ಟಾನಿಕ್ ನಂಬಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ನಾಯಿಮರಿ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಬೇಕು. ಹುಬ್ಬಳ್ಳಿಯ ಒಂದು ಅಂಗಡಿಯಿಂದ ನಾವು ತಂದ ಶಿಟ್ಜು ಮರಿ, ಮನೆಗೆ ಬಂದಾಗಿನಿಂದ ಹಿತ್ತಲಿನಲ್ಲಿ ಬೆನ್ನು ಬಾಗಿಸಿ ಕುಳಿತು ತಿಣುಕುತ್ತಿತ್ತು, ನರಳುತ್ತಿತ್ತು, ಆದರೆ ಮಲ ಮಾತ್ರ ಹೊರಬೀಳುತ್ತಿರಲಿಲ್ಲ.

ಫೋನ್ ಮಾಡಿದರೆ ಅಂಗಡಿಯವರು, "ತಾಯಿ ನೆಕ್ಕಿದ್ರ ಅಷ್ಟ ಮಾಡೋ ರೂಢಿ ಇರತೈತ್ರಿ, ನಮ್ಮ ಟಾನಿಕ್ ಹಾಕ್ರಿ" ಎಂದರು. ತಾಯಿ ನೆಕ್ಕಿ ಮಲ ಹೊರಡಿಸಬೇಕಾಗುವುದು ಹುಟ್ಟಿದ ಮೊದಲ 3 ವಾರಗಳಷ್ಟೇ. ಎರಡು ತಿಂಗಳು ತುಂಬಿದೆ ಎಂದು ಹೇಳಿ ಮರಿ ಮಾರಿದವರೇ ಈ ಮಾತು ಆಡಿದರು! ಆ ಟಾನಿಕ್‌ನಿಂದ ಗುಣ ಕಾಣದಿದ್ದಾಗ ಮತ್ತೊಂದು ಬಾಟಲಿ ಕೊಟ್ಟು, ಹರಳೆಣ್ಣೆಯನ್ನೂ ಕುಡಿಸಲು ಹೇಳಿದರು. "ಡಾಕ್ಟರ್ ಕಡೆ ಹೋದ್ರ ಸುಮ್ನ ರೊಕ್ಕ ಹಾಳ್ರಿ" ಎಂದದ್ದೂ ಅವರೇ.

ಧಾರವಾಡದ ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಬಾಲ ಎತ್ತಿದರು. ಗುದದ್ವಾರದ ಸುತ್ತಲಿನ ಕೂದಲಿಗೆ ಮಲ ಮೆತ್ತಿ, ಒಣಗಿ, ಮುಚ್ಚಳದ ಹಾಗೆ ಗಟ್ಟಿಯಾಗಿ ಕೂತಿತ್ತು. ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೂದಲು ಕತ್ತರಿಸಿ ಅದನ್ನು ಬಿಡಿಸಿದಾಗ ಕೆಳಗಿನ ಚರ್ಮ ಕೆಂಪಗೆ ಹುಣ್ಣಾಗಿತ್ತು. "ಮರಿ ಕೊಟ್ಟವರು ಇದನ್ನ ನೋಡಿರಲಿಲ್ಲೇನ್ರಿ?" ಎಂದು ಅವರು ಕೇಳಿದಾಗ ಉತ್ತರ ತೋಚದೆ ತಲೆ ತಗ್ಗಿಸಿ ನಿಂತೆ. ಇದು ಮರಿ ನಮ್ಮ ಮನೆಗೆ ಬರುವ ಮೊದಲಿನದು ಎಂದೂ ಅವರೇ ಹೇಳಿದರು. ಗೊತ್ತಿದ್ದೂ ಮರಿ ಮಾರಿದ್ದಾರೆ, ಗೊತ್ತಿದ್ದೂ ಟಾನಿಕ್ ಮಾರಿದ್ದಾರೆ.

ಅಂಗಡಿಯವರಿಗೆ ಫೋಟೊ ಕಳಿಸಿದ್ದಕ್ಕೆ ಬಂದ ಉತ್ತರ: "ನಿಮ್ಮ ಮನ್ಯಾಗ ತೊಳದಿಲ್ಲ, ಅದಕ್ಕ ಹಂಗಾಗೇತಿ." ಬಾಟಲಿಯ ದುಡ್ಡು ಕೇಳಿದರೆ, "ಸೀಲ್ ಒಡದದ್ದು ವಾಪಸ್ ತಗೊಳ್ಳಂಗಿಲ್ರಿ." ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು.

ಮರಿ ತಿಣುಕಿದರೆ ಮೊದಲು ಬಾಲ ಎತ್ತಿ ನೋಡಿ. ಮೆತ್ತಿಕೊಂಡದ್ದನ್ನು ಒಣಗಿದ್ದಾಗ ಕಿತ್ತೆಳೆಯಬೇಡಿ. ಅಲ್ಲಿ ಏನೂ ಇಲ್ಲದೆ, ಮಲವೇ ಗಟ್ಟಿಯಾಗಿದ್ದರೆ, ಒಣ ಆಹಾರವನ್ನು ನೀರಿನಲ್ಲಿ ನೆನೆಸಿ ಹಾಕಿ, ಕುಡಿಯುವ ನೀರು ಸದಾ ಇಡಿ, ಉಪ್ಪು-ಒಗ್ಗರಣೆಯಿಲ್ಲದೆ ಬೇಯಿಸಿದ ಕುಂಬಳಕಾಯಿ ಸ್ವಲ್ಪ ಕೊಡಿ, ಎಲುಬು ಕೊಡಬೇಡಿ. ಹರಳೆಣ್ಣೆಯಾಗಲಿ ಮನುಷ್ಯರ ಎನಿಮಾ ಆಗಲಿ ಬೇಡವೇ ಬೇಡ, ಫಾಸ್ಫೇಟ್ ಇರುವ ಎನಿಮಾ ಚಿಕ್ಕ ನಾಯಿಯ ಜೀವಕ್ಕೇ ಕುತ್ತು. ವಾಂತಿ, ಹೊಟ್ಟೆಯುಬ್ಬರ, ಸುಸ್ತು ಕಂಡರೆ, ಅಥವಾ ಮರಿ ಊಟ ಬಿಟ್ಟರೆ, ಯಾವ ಅಂಗಡಿಗೂ ಫೋನ್ ಮಾಡದೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ. ಕೊಳ್ಳುವಾಗಲೂ ಮಾರುವವರ ಎದುರಿಗೇ ಬಾಲ ಎತ್ತಿ ನೋಡಿ. ಅವರು ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.