ಮೋಟಾರ್‌ಹೋಮ್‌ಗೆ ಏರ್ ಸಸ್ಪೆನ್ಷನ್: ಆರು ವರ್ಷ ಬಳಸಿದ ಮೇಲೆ

ನಮ್ಮ ಮೋಟಾರ್‌ಹೋಮ್‌ನ ಹಿಂದಿನ ಆಕ್ಸಲ್‌ಗೆ ಏರ್ ಸಸ್ಪೆನ್ಷನ್ ಕಿಟ್ ಹಾಕಿಸಿ ಆರು ವರ್ಷವಾಯಿತು. ಇದು ಗಾಡಿಯನ್ನು ಪೂರ್ತಿ ಗಾಳಿಯ ಮೇಲೇ ನಿಲ್ಲಿಸುವ ಕಿಟ್ ಅಲ್ಲ. ಗಾಡಿಯ ಜೊತೆ ಬಂದ ಲೀಫ್ ಸ್ಪ್ರಿಂಗ್ ಹಾಗೇ ಇರುತ್ತದೆ. ಅದರ ಹೆಗಲಿಗೆ ಆಸರೆಯಾಗಿ ಎಡಕ್ಕೊಂದು, ಬಲಕ್ಕೊಂದು ರಬ್ಬರ್ ಬೆಲ್ಲೋ, ಅಂದರೆ ಗಾಳಿ ತುಂಬುವ ಮಡಿಕೆ ಮಡಿಕೆಯ ಚೀಲ. ಡ್ರೈವರ್ ಸೀಟಿನ ಪಕ್ಕ ಅವುಗಳ ಒತ್ತಡ ತೋರಿಸುವ ಎರಡು ಗೇಜ್, ಕೆಳಗೆ ಗಾಳಿ ತುಂಬುವ 12 ವೋಲ್ಟಿನ ಪುಟ್ಟ ಕಂಪ್ರೆಸರ್.

ಮೋಟಾರ್‌ಹೋಮ್ ಅಂದರೆ ಯಾವತ್ತೂ ತುಂಬಿದ ಗಾಡಿ, ಅಲ್ವಾ? ಮಂಚ, ಕಪಾಟು, ನೀರಿನ ಟ್ಯಾಂಕು, ಗ್ಯಾಸು ಎಲ್ಲ ನಿಂತಾಗಲೂ ಸ್ಪ್ರಿಂಗ್ ಮೇಲೇ ಇರುತ್ತವೆ. ನಮ್ಮದರ ಹಿಂಭಾಗ ಕುಸಿದು ಕೂತಿತ್ತು. ಪಕ್ಕದಲ್ಲಿ ಲಾರಿ ದಾಟಿದರೆ ಓಲಾಡುತ್ತಿತ್ತು. ಈಗ ಆ ಓಲಾಟ ಬಹಳ ಕಡಿಮೆ. ನೀರಿನ ಟ್ಯಾಂಕ್ ಇರುವ ಎಡಗಡೆಗೆ 45 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಒತ್ತಡದ ಅಳತೆ), ಬಲಕ್ಕೆ 38 ಇಟ್ಟರೆ ಗಾಡಿ ನೇರ ನಿಲ್ಲುತ್ತದೆ. ಎರಡೂ ಬದಿಗೆ ಬೇರೆ ಬೇರೆ ಗಾಳಿ ಲೈನ್ ಇರುವ ಕಿಟ್ಟನ್ನೇ ತಗೊಳ್ಳಿ. ಒಂದೇ ಲೈನ್‌ಗೆ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ ಎರಡು ಬೆಲ್ಲೋಗಳನ್ನೂ ಸೇರಿಸಿದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಆಚೆ ಬದಿಗೆ ಓಡುತ್ತದೆ, ವಾಲುವುದು ಇನ್ನೂ ಜಾಸ್ತಿಯಾಗುತ್ತದೆ.

ಗಾಡಿ ಮೇಲೆದ್ದಿತು ಅಂತ ಸಾಮಾನು ಹೆಚ್ಚು ತುಂಬಬೇಡಿ. ಆಕ್ಸಲ್ ಎಷ್ಟು ಭಾರ ಹೊರಬಹುದು ಅನ್ನುವುದು ಬೆಲ್ಲೋ ಹಾಕಿದ ಮಾತ್ರಕ್ಕೆ ಬದಲಾಗುವುದಿಲ್ಲ. ಟೈರ್, ಬ್ರೇಕ್ ಎಲ್ಲ ಹಳೆಯವೇ ತಾನೆ?

ಮೂರನೇ ವರ್ಷ ತೊಂದರೆ ಶುರುವಾಯಿತು. ರಾತ್ರಿ 45 ಇದ್ದ ಎಡಗಡೆ ಗೇಜ್ ಬೆಳಿಗ್ಗೆ 30ಕ್ಕೆ ಇಳಿದಿರುತ್ತಿತ್ತು. ಗ್ಯಾರೇಜಿನಲ್ಲಿ ತೋರಿಸಿದರೆ ಒಂದೇ ಮಾತು: "ಬೆಲ್ಲೋ ಹೋಗಿದೆ, ಎರಡನ್ನೂ ಬದಲಿಸಿಬಿಡಿ." ಬಗ್ಗಿ ನೋಡಲೂ ಇಲ್ಲ. ನನಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದು ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಕೆಳಗೆ ಮಲಗಿದೆ. ಬರೀ ಗಾಳಿಯ ಭರವಸೆಯ ಮೇಲೆ ಗಾಡಿ ಕೆಳಗೆ ಹೋಗಲೇಬೇಡಿ. ಬೆಲ್ಲೋ ಇಳಿದರೆ ಚಾಸಿ ಮೈಮೇಲೆ ಬರುತ್ತದೆ.

ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿಕೊಂಡಿದ್ದೆ. ಮೊದಲು ಬೆಲ್ಲೋದ ಮಡಿಕೆಗಳಿಗೆ ಸುತ್ತಲೂ ಹೊಡೆದೆ. ಏನೂ ಇಲ್ಲ. ಆಮೇಲೆ ಪೈಪು ಬೆಲ್ಲೋಗೆ ಸೇರುವ ಫಿಟ್ಟಿಂಗ್‌ಗೆ ಹೊಡೆದು, ಟಾರ್ಚ್ ಹಿಡಿದು ಕಾದೆ. ಅರ್ಧ ನಿಮಿಷ ಕಳೆದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಗಾಳಿ ಬಿಟ್ಟು ಪೈಪು ಎಳೆದು ನೋಡಿದರೆ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು. ಒಳಗಿನ ರಬ್ಬರ್ ರಿಂಗ್ ಮೇಲೆ ಅದು ಸುತ್ತಲೂ ಸರಿಯಾಗಿ ಕೂರುತ್ತಿರಲಿಲ್ಲ. ಪೈಪ್ ಕಟರ್‌ನಿಂದ ಒಂದು ಸೆಂಟಿಮೀಟರ್ ನೇರವಾಗಿ ಕತ್ತರಿಸಿ, ಕೊನೆಯವರೆಗೆ ಒತ್ತಿ ಕೂರಿಸಿದೆ. ಅಷ್ಟೇ ಕೆಲಸ. ವಾರ ಬಿಟ್ಟು ನೋಡಿದಾಗ ಗೇಜ್ 44ರಲ್ಲಿತ್ತು. ಎರಡು ಒಳ್ಳೆಯ ಬೆಲ್ಲೋಗಳನ್ನು ಸುಮ್ನೆ ಬಿಚ್ಚಿ ಎಸೆಯಬೇಕಾಗಿತ್ತಲ್ಲ ಅಂತ ಈಗಲೂ ಸಿಟ್ಟು ಬರುತ್ತದೆ.

ಆದರೆ ಗೇಜ್ ಇಳಿದದ್ದೆಲ್ಲ ಲೀಕ್ ಅಲ್ಲ. ಚಳಿಗೆ ಗಾಳಿ ಕುಗ್ಗುತ್ತದೆ. 30 ಡಿಗ್ರಿಯಲ್ಲಿ 45 ತುಂಬಿಸಿದ್ದರೆ 5 ಡಿಗ್ರಿಯ ಮುಂಜಾನೆ 40ರ ಹತ್ತಿರ ತೋರಿಸುತ್ತದೆ. ಎರಡೂ ಗೇಜ್ ಒಟ್ಟಿಗೆ ಇಳಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೇ ಇಳಿದರೆ ಸೋಪಿನ ಬಾಟಲಿ ಹೊರಗೆ ಬರುತ್ತದೆ.

ಗಾಳಿ ಪೂರ್ತಿ ಖಾಲಿ ಮಾಡಿ ಓಡಿಸುವುದಂತೂ ಕೂಡದು. ಖಾಲಿ ಬೆಲ್ಲೋದ ಮಡಿಕೆ ಮೇಲಿನ ಕೆಳಗಿನ ತಟ್ಟೆಗಳ ನಡುವೆ ಸಿಕ್ಕಿ ಕಚ್ಚಿಕೊಳ್ಳುತ್ತದೆ. ನಮ್ಮ ಕಿಟ್ಟಿನ ಪುಸ್ತಕದಲ್ಲಿ ಕನಿಷ್ಠ 10 ಪಿಎಸ್‌ಐ ಅಂತಿದೆ, ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಚಾಸಿಗೆ ಜಾಕ್ ಕೊಟ್ಟು ಎತ್ತಿದಾಗ ಆಕ್ಸಲ್ ಜೋತುಬಿದ್ದು ಬೆಲ್ಲೋ ಎಳೆದುಕೊಳ್ಳುತ್ತದೆ. ಟೈರ್ ಬದಲಿಸುವವರಿಗೆ ಇದನ್ನು ನಾನೇ ಮುಂಚೆ ಹೇಳಿಬಿಡುತ್ತೇನೆ.

ಕೆಸರು ರಸ್ತೆಯಲ್ಲಿ ಓಡಿಸಿದ ಮೇಲೆ ಮಡಿಕೆಗಳನ್ನು ನೀರು ಹಾಕಿ ತೊಳೆಯಿರಿ. ಒಳಗೆ ಕೂತ ಮರಳು ಪ್ರತಿ ಕುಲುಕಿಗೂ ರಬ್ಬರನ್ನು ಉಜ್ಜುತ್ತದೆ. ಪೆಟ್ರೋಲ್, ಡೀಸೆಲ್ ಹಾಕಿ ಒರೆಸಬೇಡಿ, ರಬ್ಬರ್ ಹಾಳಾಗುತ್ತದೆ. ಸೈಲೆನ್ಸರ್ ಪೈಪು ಹತ್ತಿರದಲ್ಲಿದ್ದರೆ ನಡುವೆ ಶಾಖ ತಡೆಯುವ ತಗಡು ಇರಬೇಕು. ಕಂಪ್ರೆಸರ್‌ನ ಫಿಲ್ಟರ್ ಬದಲಿಸುವುದು, ಬೋಲ್ಟ್ ಬಿಗಿ ನೋಡುವುದು ವರ್ಷಕ್ಕೊಮ್ಮೆ ಸಾಕು.

ಇನ್ನೊಂದನ್ನು ಹಾಕಿದವರು ನನಗೆ ಹೇಳಲೇ ಇಲ್ಲ. ಕೆಲವು ಹಳೆಯ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅನ್ನುವುದನ್ನು ಆಕ್ಸಲ್‌ಗೆ ಕಟ್ಟಿದ ಒಂದು ವಾಲ್ವ್ ತೀರ್ಮಾನಿಸುತ್ತದೆ. ಹಿಂಭಾಗ ಎತ್ತರವಾದರೆ ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ನಮ್ಮದು ಅಂಥದ್ದೇ. ಎರಡನೇ ವರ್ಷ ಬೇರೊಬ್ಬ ಮೆಕ್ಯಾನಿಕ್ ಗಮನಿಸಿ ಅದನ್ನು ಹೊಸ ಎತ್ತರಕ್ಕೆ ಸೆಟ್ ಮಾಡಿಕೊಟ್ಟರು. ಹೆಡ್‌ಲೈಟನ್ನೂ ಆಗಲೇ ಸರಿಮಾಡಿಸಿದೆ. ಕಿಟ್ ಹಾಕಿಸುವ ದಿನವೇ ಈ ಎರಡನ್ನೂ ಕೇಳಿ ಮಾಡಿಸಿಕೊಳ್ಳಿ.

ಬೆಲ್ಲೋಗಳು ಇನ್ನೂ ಮೊದಲಿನವೇ. ಬಲಗಡೆಯದರ ಮಡಿಕೆಯಲ್ಲಿ ಈ ವರ್ಷ ಕೂದಲೆಳೆಯಂಥ ಗೆರೆಗಳು ಕಾಣಿಸಿವೆ. ತಿಂಗಳಿಗೊಂದು ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟು ನೋಡುತ್ತಿದ್ದೇನೆ. ಗೆರೆ ಆಳವಾದರೆ ಒಳಗಿನ ದಾರ ಕಾಣುವವರೆಗೂ ಕಾಯದೆ ಬದಲಿಸುತ್ತೇನೆ.